ಯುದ್ಧಕ್ಕೆ ಅಪ್ಪಣೆ ಯಾರದು?

ರಾಷ್ಟ್ರಪತಿಯವರು ರಕ್ಷಣಾ ಪಡೆಗಳ ಮಹಾದಂಡನಾಯಕರೆಂದು ಪೌರನೀತಿ ಪಾಠದಲ್ಲಿ ಓದಿದ್ದೀರಿ. ಹಾಗಾದರೆ ಅವರು ಮನಸ್ಸು ಬಂದಾಗ ಯುದ್ಧ ಹೂಡಬಹುದೇ?

ಇಲ್ಲ. ಸಂವಿಧಾನದ 53ನೇ ವಿಧಿ ಆ ಪದವಿ ಕೊಟ್ಟರೂ, 74ನೇ ವಿಧಿಯಂತೆ ಅವರು ಮಂತ್ರಿಮಂಡಲದ ಸಲಹೆಯಂತೆಯೇ ನಡೆಯಬೇಕು. ಆದರೆ ಮಂತ್ರಿಮಂಡಲ ಮೊದಲು ಸಂಸತ್ತಿನ ಒಪ್ಪಿಗೆ ಪಡೆಯಬೇಕೆಂದು ಸಂವಿಧಾನ ಹೇಳಿಲ್ಲ. ಅಮೆರಿಕದಲ್ಲಿ ಯುದ್ಧ ಸಾರುವ ಅಧಿಕಾರ ಅಲ್ಲಿನ ಶಾಸನಸಭೆಯಾದ ಕಾಂಗ್ರೆಸ್ಸಿನದು. ಅಧ್ಯಕ್ಷರು ತಾವಾಗಿ ಸೇನೆಯನ್ನು ಕದನಕ್ಕಿಳಿಸಿದರೆ 48 ಗಂಟೆಯೊಳಗೆ ಅದಕ್ಕೆ ವರದಿ ಕೊಡಬೇಕೆಂದು 1973ರ ಕಾನೂನು ವಿಧಿಸುತ್ತದೆ.

ನಮ್ಮ ಕಡೆ ಕೊಬ್ಬರಿ ಅಟ್ಟಕ್ಕೆ ಬೆಂಕಿ ಬಿದ್ದರೆ ಯಾರೂ ಸಭೆ ಸೇರಿಸುವುದಿಲ್ಲ. ಮೊದಲು ನೀರು ಹಾಕುತ್ತಾರೆ. ಆಮೇಲೆ ಯಜಮಾನ ಮನೆಮಂದಿಗೆ ಉತ್ತರ ಹೇಳಲೇಬೇಕು. ದೇಶಕ್ಕೂ ಇದೇ ನ್ಯಾಯ. 1962ರ ಅಕ್ಟೋಬರ್ 20ರಂದು ಚೀನಾ ದಾಳಿ ಮಾಡಿತು. ಕದನ ಮುಗಿಯುವ ಮೊದಲೇ, ನವೆಂಬರ್ 8ರಂದು ಸಂಸತ್ತು ಸೇರಿತು.

1999ರ ಕಾರ್ಗಿಲ್ ಕಾಲದಲ್ಲಿ ಹಾಗಾಗಲಿಲ್ಲ. ಏಪ್ರಿಲ್‌ನಲ್ಲೇ ಲೋಕಸಭೆ ವಿಸರ್ಜನೆಯಾಗಿತ್ತು. ವಾಜಪೇಯಿಯವರದು ಉಸ್ತುವಾರಿ ಸರ್ಕಾರ. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ರಕ್ಷಣಾ ಸಚಿವರು. ರಾಜ್ಯಸಭೆಗೆ ವಿಸರ್ಜನೆಯೆಂಬುದಿಲ್ಲ. ಅದನ್ನಾದರೂ ಕರೆಯಿರೆಂದು ವಿರೋಧ ಪಕ್ಷಗಳು ಕೇಳಿದರೂ ಸರ್ಕಾರ ಕರೆಯಲಿಲ್ಲ. ಯುದ್ಧ ಗೆದ್ದೆವು, ಐನೂರಕ್ಕೂ ಹೆಚ್ಚು ಯೋಧರು ಮಡಿದರು. ನುಸುಳುಕೋರರು ಬಂದದ್ದು ಮೊದಲೇ ಏಕೆ ತಿಳಿಯಲಿಲ್ಲವೆಂಬುದನ್ನು ಪರಿಶೀಲಿಸಿದ ಸುಬ್ರಹ್ಮಣ್ಯಂ ಸಮಿತಿಯ ವರದಿ ಸಂಸತ್ತಿನ ಮುಂದೆ ಬಂದದ್ದು 2000ದ ಫೆಬ್ರವರಿಯಲ್ಲಿ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಹುಡುಗರೂ ಸೇನೆ ಸೇರುತ್ತಾರೆ. ಅವರನ್ನು ಕಳಿಸಿದ್ದೇಕೆಂದು ಕೇಳುವುದು ದೇಶದ್ರೋಹವಲ್ಲ. ನಾವು ಆರಿಸಿ ಕಳಿಸಿದವರು ನಮ್ಮ ಪರವಾಗಿ ಮಾಡಬೇಕಾದ ಕೆಲಸವೇ ಅದು.