ಎರಡು ಹ್ಯಾಶ್ ಬರೆದರೆ ಸಾಕ್ಷ್ಯ ಇಮ್ಮಡಿ ಗಟ್ಟಿಯೇ?

ಇಚಲಕರಂಜಿಯ ಮಗ್ಗದ ಮಾಲೀಕರೊಬ್ಬರು ನೂಲಿನ ಬಾಕಿಗಾಗಿ ದಾವೆ ಹೂಡಿ ವಾಟ್ಸ್‌ಆ್ಯಪ್ ಮಾತುಕತೆಯನ್ನು ಹಾಜರುಪಡಿಸಬಹುದು. ಗಡಹಿಂಗ್ಲಜದ ರೈತರೊಬ್ಬರು ಬದುವಿನ ತಂಟೆಯಲ್ಲಿ ಮೊಬೈಲ್ ವಿಡಿಯೊ ಕೊಡಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಇಂಥ ಕಡತದ ಜೊತೆ ಒಂದು ಪ್ರಮಾಣಪತ್ರ ಬೇಕು, ಅದರಲ್ಲಿ ಕಡತದ ಹ್ಯಾಶ್ ಬೆಲೆ ಬರೆದಿರಬೇಕು. ಕಡತ ಎಷ್ಟೇ ದೊಡ್ಡದಿರಲಿ, ಹ್ಯಾಶ್ ಒಂದು ಸಾಲಿನ ಗುರುತು. ಒಂದಕ್ಷರ ಬದಲಾದರೂ ಗುರುತು ಪೂರಾ ಬೇರೆಯಾಗುತ್ತದೆ. ಪ್ರಕರಣ ಮುಂದೆ, 2025ರ ಆಗಸ್ಟ್‌ನಲ್ಲಿ ಕೊಲ್ಹಾಪುರದಲ್ಲಿ ಶುರುವಾದ ಬಾಂಬೆ ಹೈಕೋರ್ಟಿನ ಸರ್ಕಿಟ್ ಬೆಂಚ್‌ವರೆಗೆ ಹೋದರೂ ಕಡತ ಅದೇ ಎಂದು ತಾಳೆ ನೋಡಲು ಇರುವ ಆಧಾರ ಈ ಸಾಲೇ. ಕಾಯ್ದೆಯ ಅನುಸೂಚಿಯಲ್ಲಿ ಅಚ್ಚಾದ ನಮೂನೆ ಎಸ್‌ಎಚ್‌ಎ-1, ಎಸ್‌ಎಚ್‌ಎ-256, ಎಂಡಿ5 ಮತ್ತು ಇತರೆ ಎಂದು ಹ್ಯಾಶ್ ವಿಧಾನಗಳ ಆಯ್ಕೆಗಳನ್ನು ಕೊಡುತ್ತದೆ. ಎಂಡಿ5 ಮುರಿದಿದೆ, ಅಂದರೆ ಒಂದೇ ಗುರುತು ಬರುವ ಎರಡು ಬೇರೆ ಕಡತಗಳನ್ನು ಹೆಣೆಯಬಹುದು (ಇದಕ್ಕೆ ಡಿಕ್ಕಿ ಎನ್ನುತ್ತಾರೆ); ಎಸ್‌ಎಚ್‌ಎ-1 ಕೂಡ ಮುರಿದಿದೆ. ಆದರೆ ಎರಡನ್ನೂ ಬರೆದುಬಿಟ್ಟರೆ ಒಟ್ಟಿಗೆ ಮೋಸ ಮಾಡುವುದು ಅಸಾಧ್ಯ ಎಂಬ ನಂಬಿಕೆ ಸುಲಭವಾಗಿ ಹುಟ್ಟುತ್ತದೆ. ಈ ನಂಬಿಕೆಗೆ ಗಣಿತದ ಆಸರೆಯಿಲ್ಲ.

ನೂಲಿನ ಎರಡೆಳೆ ಸೇರಿಸಿ ಹುರಿ ಮಾಡಿದರೆ ಗಟ್ಟಿಯಾಗುತ್ತದೆ. ಹ್ಯಾಶ್‌ಗೂ ಹಾಗೇ ಎಂದುಕೊಂಡವರು ಸಾಮಾನ್ಯರಷ್ಟೇ ಅಲ್ಲ. ಅಂತರ್ಜಾಲದ ಗುಪ್ತ ಸಂಪರ್ಕಕ್ಕೆ ಬಳಸುವ ಟಿಎಲ್‌ಎಸ್ ನಿಯಮಾವಳಿಯ 1.0 ಮತ್ತು 1.1ನೇ ಆವೃತ್ತಿಗಳು ಆರ್‌ಎಸ್‌ಎ ಸಹಿ ಹಾಕುವಾಗ ಎಂಡಿ5 ಮತ್ತು ಎಸ್‌ಎಚ್‌ಎ-1 ಎರಡನ್ನೂ ಅಕ್ಕಪಕ್ಕ ಜೋಡಿಸುತ್ತಿದ್ದವು. 2008ರ 1.2ನೇ ಆವೃತ್ತಿಯಲ್ಲಿ ಆ ಜೋಡಣೆಯನ್ನು ಕೈಬಿಡಲಾಯಿತು. ನಡುವೆ 2004ರಲ್ಲಿ ಫ್ರಾನ್ಸಿನ ಆಂಟ್ವಾನ್ ಜೂ ಒಂದು ಸರಳವೂ ಬೆರಗಿನದೂ ಆದ ಸಂಗತಿಯನ್ನು ತೋರಿಸಿದ್ದರು. ಈ ಹ್ಯಾಶ್‌ಗಳು ಕಡತವನ್ನು 64 ಬೈಟ್‌ಗಳ ತುಂಡು ತುಂಡಾಗಿ ಓದುತ್ತವೆ. ಪ್ರತಿ ತುಂಡಿನ ಕೊನೆಗೆ ಒಂದು ಮಧ್ಯಂತರ ಫಲಿತ ಉಳಿಯುತ್ತದೆ. ಒಂದೇ ಮಧ್ಯಂತರ ಫಲಿತ ಕೊಡುವ ಎರಡು ಬೇರೆ ತುಂಡುಗಳನ್ನು ಹುಡುಕಿ, ಅಲ್ಲಿಂದ ಮುಂದೆ ಮತ್ತೆ ಅಂಥದೇ ಜೋಡಿ ಹುಡುಕುತ್ತ 64 ಸಲ ಮಾಡಿದರೆ, ಪ್ರತಿ ಹೆಜ್ಜೆಯಲ್ಲೂ ಎರಡರಲ್ಲಿ ಯಾವುದನ್ನಾದರೂ ಆರಿಸಬಹುದು. ಶ್ರಮ 64 ಪಟ್ಟು ಮಾತ್ರ. ಕೈಗೆ ಬರುವುದು 2ರ 64ನೇ ಘಾತದಷ್ಟು ಕಡತಗಳು, ಎಲ್ಲದಕ್ಕೂ ಎಸ್‌ಎಚ್‌ಎ-1 ಒಂದೇ. ಎಂಡಿ5ರ ಉದ್ದ 128 ಬಿಟ್. 23 ಜನರ ಗುಂಪಿನಲ್ಲಿ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬೀಳುವ ಸಂಭವ ಅರ್ಧಕ್ಕಿಂತ ಹೆಚ್ಚು. ಅದೇ ಲೆಕ್ಕದಲ್ಲಿ, ಅಷ್ಟು ದೊಡ್ಡ ರಾಶಿಯಲ್ಲಿ ಎಂಡಿ5 ಕೂಡ ಒಂದೇ ಆಗಿರುವ ಜೋಡಿ ಸಿಗುವ ಸಂಭವ ಚೆನ್ನಾಗಿಯೇ ಇದೆ.

2017ರಲ್ಲಿ ಗೂಗಲ್ ಮತ್ತು ಆ್ಯಮ್‌ಸ್ಟರ್‌ಡ್ಯಾಮಿನ ಸಂಶೋಧಕರು ಎಸ್‌ಎಚ್‌ಎ-1 ಒಂದೇ ಇರುವ, ಒಳಗಿನ ಚಿತ್ರ ಬೇರೆಯಿರುವ ಎರಡು ಪಿಡಿಎಫ್‌ಗಳನ್ನು ತಯಾರಿಸಿದರು; ಅದಕ್ಕೆ ಹಿಡಿದ ಲೆಕ್ಕ ಸುಮಾರು 2ರ 63ನೇ ಘಾತ. ಅದನ್ನು 64 ಸಲ ಮಾಡಿದರೆ 2ರ 69ನೇ ಘಾತ. ಎರಡರ ಉದ್ದ ಕೂಡಿಸಿ 288 ಬಿಟ್ ಎಂದು ನಂಬಿದವರು ಹುಟ್ಟುಹಬ್ಬದ ಲೆಕ್ಕದಂತೆ ನಿರೀಕ್ಷಿಸುವುದು ಅದರ ಅರ್ಧ, ಅಂದರೆ 2ರ 144ನೇ ಘಾತ! ಈ ಎರಡರ ನಡುವಿನ ಅಂತರವೇ ಜೋಡಣೆಯ ಹುಸಿ ಭರವಸೆಯ ಅಳತೆ. ಬೇರೆ ರೀತಿ ಬೆಸೆದರೆ ಇನ್ನೂ ಕೆಡುಕು. ಎಂಡಿ5ರ ಫಲಿತವನ್ನು ಇನ್ನೊಂದು ಹ್ಯಾಶಿಗೆ ಉಣಿಸಿದರೆ, ಒಳಗಿನದು ಸೋತಾಗ ಹೊರಗಿನದು ಎಷ್ಟು ಬಲವಾಗಿದ್ದರೂ ಉಪಯೋಗವಿಲ್ಲ. ಇಂಥ ಎರಡು ಹ್ಯಾಶ್‌ಗಳ ಫಲಿತಗಳನ್ನು ಬಿಟ್ ಬಿಟ್ಟಾಗಿ ಕಲಸಿದರೆ ಮೊತ್ತ ಬಿಡಿಬಿಡಿಯ ಎರಡಕ್ಕಿಂತಲೂ ದುರ್ಬಲವಾಗಬಹುದು ಎಂದು 2015ರಲ್ಲಿ ಲೋರಾಂ ಮತ್ತು ವಾಂಗ್ ತೋರಿಸಿದರು.

ವಕೀಲರೊಬ್ಬರು ಇದಕ್ಕೆ ಎರಡು ಆಕ್ಷೇಪ ಎತ್ತಬಹುದು, ಎರಡರಲ್ಲೂ ಹುರುಳಿದೆ. ಮೊದಲನೆಯದು: ಪೊಲೀಸರು ಜಪ್ತಿ ಮಾಡಿ ಪಂಚನಾಮೆಯಲ್ಲಿ ಹ್ಯಾಶ್ ಬರೆದ ಮೇಲೆ ಅದೇ ಗುರುತು ಬರುವಂತೆ ಇನ್ನೊಂದು ಕಡತ ಸೃಷ್ಟಿಸುವುದು ಎಂಡಿ5ಕ್ಕೂ ಇಂದಿಗೆ ಕಾರ್ಯಸಾಧ್ಯವಲ್ಲ. ನಿಜ. ಮೇಲೆ ಹೇಳಿದ ದಾಳಿಗೆ ಎರಡೂ ಕಡತಗಳನ್ನು ಮೊದಲೇ ಹೆಣೆದಿರಬೇಕು. ಆದರೆ ವ್ಯಾಪಾರದ ದಾವೆಗಳಲ್ಲಿ ಕಡತ ತಯಾರಿಸಿದವನೇ ಅದನ್ನು ಹಾಜರುಪಡಿಸುವವನು. ಒಂದು ದರದ ಕರಾರುಪತ್ರ ತೋರಿಸಿ ಒಪ್ಪಿಗೆ ಪಡೆದು, ಅದೇ ಗುರುತಿನ ಇನ್ನೊಂದು ದರದ ಪತ್ರವನ್ನು ನ್ಯಾಯಾಲಯಕ್ಕೆ ತರಲು ಅವನಿಗೆ ಅವಕಾಶ ಇದ್ದೇ ಇದೆ. ಎರಡನೆಯದು: 2ರ 69ನೇ ಘಾತದ ಲೆಕ್ಕವೂ ಕೊಲ್ಹಾಪುರದ ಬಾಕಿ ಜಗಳಕ್ಕೆ ಯಾರೂ ಖರ್ಚು ಮಾಡುವಷ್ಟು ಅಗ್ಗವಲ್ಲ. ಇಂದು ಅಲ್ಲ, ಒಪ್ಪುತ್ತೇನೆ. ಪಕ್ಕಪಕ್ಕ ಬರೆದ ಜೋಡಿ ತನ್ನಲ್ಲಿನ ಬಲವಾದ ಹ್ಯಾಶಿಗಿಂತ ಕಡಿಮೆಯಂತೂ ಆಗುವುದಿಲ್ಲ ಎಂಬುದೂ ಸತ್ಯ. ಆದರೆ ಎಂಡಿ5ರ ಡಿಕ್ಕಿ 2004ರಲ್ಲಿ ಚೀನಾದ ವಾಂಗ್ ಶಾವ್‌ಯುನ್ ತಂಡ ತೋರಿಸಿದ ಸಂಶೋಧನೆಯಾಗಿತ್ತು. ಈಗ ಅದು ಮನೆಯ ಲ್ಯಾಪ್‌ಟಾಪಿನಲ್ಲಿ ಆಗುವ ಕೆಲಸ. ಜಮೀನಿನ ದಾವೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ನಡೆಯುವ ನಾಡಿನಲ್ಲಿ, ಇಂದು ಬರೆದ ಗುರುತು ದಾವೆ ಮುಗಿಯುವ ದಿನದ ಯಂತ್ರಗಳನ್ನೂ ಎದುರಿಸಬೇಕು.

ಕಷ್ಟವೇನೂ ಇಲ್ಲದ ಪರಿಹಾರ ಅದೇ ನಮೂನೆಯಲ್ಲಿದೆ. ಎಸ್‌ಎಚ್‌ಎ-256ರಲ್ಲಿ ಈವರೆಗೆ ಒಂದೂ ಡಿಕ್ಕಿ ಸಿಕ್ಕಿಲ್ಲ, ಅದನ್ನು ತೆಗೆಯುವ ತಂತ್ರಾಂಶ ಪುಕ್ಕಟೆ, ಸಾಮಾನ್ಯ ಕಂಪ್ಯೂಟರಿನಲ್ಲಿ ಸಣ್ಣ ವಿಡಿಯೊಗೆ ಕ್ಷಣ ಸಾಕು. ಜಪ್ತಿಯ ಸ್ಥಳದಲ್ಲೇ ಅದನ್ನು ತೆಗೆದು ಪಂಚನಾಮೆಯಲ್ಲಿ ಪಂಚರ ಸಹಿಯ ಮೇಲೆ ಬರೆಯಬೇಕು. ಹಳೆಯ ಉಪಕರಣ ಎಂಡಿ5 ಕೊಟ್ಟರೆ ಅದೂ ಇರಲಿ, ಆದರೆ ಎಸ್‌ಎಚ್‌ಎ-256 ಇಲ್ಲದ ಪ್ರಮಾಣಪತ್ರವನ್ನು ಎದುರು ಪಕ್ಷದ ವಕೀಲರು ಪ್ರಶ್ನಿಸಬೇಕು. ಸಂಸತ್ತು ಅನುಸೂಚಿಯನ್ನು ಮುಂದೆ ತಿದ್ದುವಾಗ ಎಂಡಿ5 ಮತ್ತು ಎಸ್‌ಎಚ್‌ಎ-1ರ ಮನೆಗಳನ್ನು ಅಳಿಸಿಹಾಕಲಿ.