ಹೊಟ್ಟೆಯ ಚೀಲ ಸೋರದ ಹಾಗೆ

ಕೃಷಿ ಪತ್ರಿಕೆಯಲ್ಲಿ ಇದೆಂಥ ವಿಷಯ ಅಂತ ಹುಬ್ಬೇರಿಸಬೇಡಿ. ಕ್ಯಾನ್ಸರೋ, ಕರುಳಿನ ಹುಣ್ಣೋ, ಅಪಘಾತವೋ, ಆಪರೇಷನ್ ಆಗಿ ಹೊಟ್ಟೆಗೆ ಚೀಲ ಅಂಟಿಸಿಕೊಂಡು ಬದುಕುವವರು ಹಳ್ಳಿಗಳಲ್ಲೂ ಇದ್ದಾರೆ. ಹೇಳಿಕೊಳ್ಳುವುದಿಲ್ಲ, ಅಷ್ಟೆ. ನನಗೆ ಚೀಲ ಬಂದು ಆರು ವರ್ಷ. ತೋಟಕ್ಕೆ ಹೋಗುತ್ತೇನೆ, ಅಡಿಕೆ ಹೆಕ್ಕುತ್ತೇನೆ, ಬಸ್ಸಿನಲ್ಲಿ ಪೇಟೆಗೂ ಹೋಗಿಬರುತ್ತೇನೆ. ಚೀಲದಿಂದಾಗಿ ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟವರನ್ನೂ ಬಲ್ಲೆ. ಅವರ ಹೆದರಿಕೆ ಚೀಲದ್ದಲ್ಲ, ಸೋರಿಕೆಯದ್ದು.

ನನ್ನದು ಇಲಿಯೋಸ್ಟಮಿ, ಅಂದರೆ ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಹೊರಗೆ ತಂದದ್ದು. ಇದರಲ್ಲಿ ಬರುವುದು ನೀರುನೀರಾಗಿ, ಜೀರ್ಣರಸ ಸಮೇತ. ಚರ್ಮಕ್ಕೆ ತಾಗಿದರೆ ಸುಡುತ್ತದೆ. ಸುಟ್ಟ ಚರ್ಮ ಒಸರುತ್ತದೆ, ಒಸರುವಲ್ಲಿ ಅಂಟು ಹಿಡಿಯದು, ಮತ್ತೆ ಸೋರಿಕೆ. ಈ ಚಕ್ರ ಶುರುವಾಗದಂತೆ ನೋಡಿಕೊಳ್ಳುವುದೇ ಕೆಲಸ.

ಮುಖ್ಯವಾದದ್ದು ಅಂಟುಬಿಲ್ಲೆಯ ತೂತಿನ ಅಳತೆ. ಹೊರಗೆ ಕಾಣುವ ಕರುಳಿನ ಬಾಯಿಗೆ ಸ್ಟೋಮಾ ಅನ್ನುತ್ತಾರೆ. ಆಪರೇಷನ್ ಆದ ಹೊಸತರಲ್ಲಿ ಅದು ಬಾತಿರುತ್ತದೆ, ಆರೆಂಟು ವಾರಗಳಲ್ಲಿ ಕುಗ್ಗುತ್ತದೆ. ಆಸ್ಪತ್ರೆಯಲ್ಲಿ ಕೊಟ್ಟ ಅಳತೆಯಲ್ಲೇ ಕತ್ತರಿಸುತ್ತಾ ಹೋದರೆ ಸುತ್ತಲಿನ ಚರ್ಮ ಬರಿದಾಗಿ ಉಳಿಯುತ್ತದೆ. ಆ ದಿನಗಳಲ್ಲಿ ವಾರಕ್ಕೊಮ್ಮೆ ಅಳೆಯಿರಿ. ತೂತು ಸ್ಟೋಮಾಕ್ಕಿಂತ 2-3 ಮಿಲಿಮೀಟರ್ ದೊಡ್ಡದಿದ್ದರೆ ಸಾಕು. ತೀರಾ ಬಿಗಿಯಾದರೆ ಸ್ಟೋಮಾಕ್ಕೆ ಗಾಯವಾದೀತು. ನನ್ನದು ಮೊಟ್ಟೆಯಾಕಾರ. ರಟ್ಟಿನಲ್ಲಿ ಅಚ್ಚು ಮಾಡಿ ಇಟ್ಟುಕೊಂಡಿದ್ದೇನೆ.

ಚೀಲ ಬದಲಾಯಿಸಲು ಬೆಳಿಗ್ಗೆ, ಕಾಫಿಗೂ ಮೊದಲಿನ ಹೊತ್ತು ಒಳ್ಳೆಯದು. ಖಾಲಿಹೊಟ್ಟೆಯಲ್ಲಿ ಸ್ಟೋಮಾ ಸುಮ್ಮನಿರುತ್ತದೆ. ಉಗುರುಬೆಚ್ಚಗಿನ ಬರಿ ನೀರಲ್ಲಿ ಒರೆಸಿ ಪೂರ್ತಿ ಒಣಗಿಸಬೇಕು. ನಮ್ಮಲ್ಲಿ ಯಾವುದಕ್ಕೂ ತೆಂಗಿನೆಣ್ಣೆ ಹಚ್ಚುವ ಚಾಳಿ ಉಂಟಲ್ಲ, ಇಲ್ಲಿ ಖಂಡಿತ ಬೇಡ. ಜಿಡ್ಡಿನ ಸೋಪೂ ಮುಖದ ಪೌಡರೂ ಬೇಡ. ಚರ್ಮ ಒಸರುತ್ತಿದ್ದರೆ ಸ್ಟೋಮಾ ಪೌಡರ್ ಉದುರಿಸಿ, ಹೆಚ್ಚಾದದ್ದನ್ನು ಕೊಡವಿಬಿಡಿ. ಬಿಲ್ಲೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಅಂಟಿಸಿ, ಒಂದೆರಡು ನಿಮಿಷ ಕೈಯಿಟ್ಟು ಒತ್ತಿ ಹಿಡಿಯಿರಿ. ಪಿವಿಸಿ ಪೈಪು ಜೋಡಿಸಿ ಗೊತ್ತಿದ್ದವರಿಗೆ ಹೆಚ್ಚು ವಿವರಿಸಬೇಕಿಲ್ಲ.

ಮಲಗಿದಾಗ ಸಪಾಟಾಗಿರುವ ಹೊಟ್ಟೆ ಕೂತಾಗ ಮಡಿಕೆ ಬೀಳುತ್ತದೆ. ಆದ್ದರಿಂದ ಕೂತೂ ನೋಡಿ. ಮಡಿಕೆ, ಗುಳಿ ಇದ್ದಲ್ಲಿ ಸ್ಟೋಮಾ ಪೇಸ್ಟ್ ಅಥವಾ ರಿಂಗ್ ಹಾಕಬೇಕು. ಪೇಸ್ಟ್ ಅಂಟಲ್ಲ, ಸಂದು ತುಂಬುವ ಪುಟ್ಟಿ. ಸ್ಟೋಮಾವೇ ಒಳಸರಿದಿದ್ದರೆ ಉಬ್ಬಿರುವ ಬಿಲ್ಲೆ ಸಿಗುತ್ತದೆ, ನರ್ಸನ್ನು ಕೇಳಿ.

ತೆಗೆದ ಬಿಲ್ಲೆಯನ್ನು ಎಸೆಯುವ ಮೊದಲು ತಿರುಗಿಸಿ ನೋಡಿ. ಅಂಟು ಕರಗಿ ಹೋದ ಕಡೆಯೇ ಸೋರಿಕೆಯ ದಾರಿ. ಪ್ರತಿಸಲವೂ ಅದೇ ಮೂಲೆಯಾದರೆ ಮದ್ದು ಅಲ್ಲಿಗೇ ಬೇಕು.

ಚೀಲ ಮೂರನೇ ಒಂದು ಪಾಲು ತುಂಬಿದಾಗಲೇ ಖಾಲಿಮಾಡಿ. ಭಾರಕ್ಕೆ ಬಿಲ್ಲೆ ಎದ್ದೀತು. ಅಡಿಯಲ್ಲಿ ತುರಿಕೆ, ಉರಿ ಕಂಡರೆ ಆಗಲೇ ಬದಲಾಯಿಸಿ. ಸೋರುವ ಅಂಚಿಗೆ ಟೇಪು ಸುತ್ತಿ ದಿನ ದೂಡುವ ಉಳಿತಾಯ ನನಗೆ ಒಪ್ಪಿಗೆಯಿಲ್ಲ. ಒಳಗೆ ಸಿಕ್ಕಿಕೊಂಡದ್ದು ಚರ್ಮವನ್ನು ತಿನ್ನುತ್ತದೆ. ಚೀಲ ದುಬಾರಿ ನಿಜ, ಗಾಯವಾದರೆ ಇನ್ನೂ ನಾಲ್ಕು ಚೀಲ ಹೆಚ್ಚಿಗೆ ಬೇಕು.

ಬೆವರಿನ ಕಾಲದಲ್ಲಿ ಅಂಟು ಬೇಗ ಸೋಲುತ್ತದೆ. ಮಳೆಗಾಲದಲ್ಲಿ ನಾಲ್ಕು ದಿನ ಬರುವ ಬಿಲ್ಲೆ ಏಪ್ರಿಲಿನಲ್ಲಿ ನನಗೆ ಮೂರೇ ದಿನ. ಪಂಚೆಯ ಗಂಟು ಬಿಲ್ಲೆಯ ಮೇಲೆ ಬರಬಾರದು. ಅಡಿಕೆ ಮೂಟೆ ಎತ್ತುವುದನ್ನು ಬಿಟ್ಟಿದ್ದೇನೆ. ಸ್ಟೋಮಾದ ಬದಿಯಲ್ಲಿ ಹರ್ನಿಯಾ ಉಬ್ಬಿದರೆ ಯಾವ ಬಿಲ್ಲೆಯೂ ಸರಿಯಾಗಿ ಕೂರದು. ಗಂಜಿ, ಬಾಳೆಹಣ್ಣು ತಿಂದರೆ ಬರುವುದು ಸ್ವಲ್ಪ ಗಟ್ಟಿ. ತೀರಾ ನೀರಾಗಿ ಹೋಗುತ್ತಿದ್ದರೆ ಬರಿ ನೀರು ಸಾಲದು, ಓಆರ್‌ಎಸ್ ಬೇಕು.

ನಮ್ಮ ಓದುಗರಿಗೆ ಒಂದು ಸ್ವಾರಸ್ಯ. 1950ರ ದಶಕದಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನ ಡಾಕ್ಟರ್ ರೂಪರ್ಟ್ ಟರ್ನ್‌ಬುಲ್ ಈ ಚರ್ಮದ ರಕ್ಷಣೆಗೆ ಬಳಸಿದ್ದು ಕರಾಯ ಗೋಂದು. ಅದು ನಮ್ಮ ದೇಶದ ಒಣಕಾಡಿನ ಸ್ಟರ್ಕ್ಯುಲಿಯಾ ಮರದ ಅಂಟು!

ಸ್ಟೋಮಾ ಕಪ್ಪಾದರೆ, ಅಥವಾ ಹೊಟ್ಟೆನೋವು ಬಂದು ಗಂಟೆಗಟ್ಟಲೆ ಏನೂ ಬಾರದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಹೊರಗೆ ಹೊರಟಾಗ ಕತ್ತರಿಸಿಟ್ಟ ಒಂದು ಬಿಲ್ಲೆ, ಚೀಲ, ಬಟ್ಟೆತುಂಡು, ನೀರಿನ ಬಾಟಲಿ ಜೊತೆಗಿರಲಿ. ಬಿಸಿಲಲ್ಲಿ ನಿಲ್ಲಿಸಿದ ಜೀಪಿನೊಳಗೆ ಮಾತ್ರ ಅವನ್ನು ಬಿಡಬೇಡಿ, ಅಂಟು ಕರಗುತ್ತದೆ.