ಮಂಗ ಸಾಯುವ ಮೊದಲೇ ರಕ್ತಕ್ಕೆ ಗೊತ್ತಿತ್ತು!

ಮಂಗನ ಕಾಯಿಲೆಯ ಮೊದಲ ಸುಳಿವು ಸಿಕ್ಕಿದ್ದು ಎಲ್ಲಿ, ಹೇಳಿ ನೋಡೋಣ?

ಕ್ಯಾಸನೂರು ಎಂದಿರಾ? ಸೊರಬ ತಾಲ್ಲೂಕಿನ ಕಾಡು, 1957, ಸಾಲುಸಾಲಾಗಿ ಸತ್ತ ಮಂಗಗಳು. ಸಿದ್ದಾಪುರ, ಶಿರಸಿ, ಯಲ್ಲಾಪುರದಲ್ಲಿ ಯಾರನ್ನು ಕೇಳಿದರೂ ಹೇಳುವ ಕಥೆ.

ಅಲ್ಲ! ಇನ್ನೊಮ್ಮೆ ಊಹಿಸಿ.

ಗುಜರಾತಿನ ಸೌರಾಷ್ಟ್ರ! ಇಲ್ಲಿಂದ ಸುಮಾರು ಸಾವಿರ ಕಿಲೋಮೀಟರ್! ಅದೂ ಯಾವಾಗ? 1952ರಲ್ಲಿ! ಆಗಿನ್ನೂ ಕಾಯಿಲೆಗೆ ಹೆಸರೇ ಇರಲಿಲ್ಲ.

ಪುಣೆಯ ವೈರಾಣು ಸಂಶೋಧನಾ ಕೇಂದ್ರ ಆಗ ತಾನೇ ಹುಟ್ಟಿತ್ತು. ಅಲ್ಲಲ್ಲಿ ಜನರ ರಕ್ತ ತೆಗೆದು ಪರೀಕ್ಷಿಸುತ್ತಿದ್ದರು. ಸೌರಾಷ್ಟ್ರದ ಕೆಲವರ ರಕ್ತದಲ್ಲಿ ಸಿಕ್ಕಿದ್ದೇನು ಗೊತ್ತೇ? ರಷ್ಯಾದ ಕಾಡಿನಲ್ಲಿ ಉಣುಗು ಹರಡುವ ಮಿದುಳುಜ್ವರದ ವೈರಸ್ಸನ್ನು ತಡೆಯುವ ಪ್ರತಿಕಾಯ! ರಷ್ಯಾ ಎಲ್ಲಿ, ಸೌರಾಷ್ಟ್ರ ಎಲ್ಲಿ!

ಐದು ವರ್ಷದ ಮೇಲೆ ಕ್ಯಾಸನೂರಿನ ವೈರಸ್ ಕೈಗೆ ಸಿಕ್ಕಿತು. ನೋಡಿದರೆ, ಅದು ಆ ರಷ್ಯದ ವೈರಸ್ಸಿನ ದಾಯಾದಿ!

ಇನ್ನೂ ಇದೆ. ಅಂಡಮಾನ್! ಅಲ್ಲಿನ ರಕ್ತಪರೀಕ್ಷೆಯ ವರದಿ 2002ರಲ್ಲಿ ಪ್ರಕಟವಾಯಿತು. ಮಂಗನ ಕಾಯಿಲೆಯ ಪ್ರತಿಕಾಯ ಎಷ್ಟು ಜನರಲ್ಲಿತ್ತು? ನೂರಕ್ಕೆ ಒಬ್ಬರು? ಇಬ್ಬರು? ಇಪ್ಪತ್ತೆರಡು!

ವೈರಸ್ ಹೋದರೂ ಅದರ ಹಾಜರಿಪುಸ್ತಕ ರಕ್ತದಲ್ಲೇ ಉಳಿದಿರುತ್ತದೆ. ಆದರೆ ಸಹಿ ಯಾರದ್ದು? ಅಲ್ಲೇ ಪೇಚು! ಡೆಂಗಿ, ಜಪಾನೀ ಮಿದುಳುಜ್ವರ, ಮಂಗನ ಕಾಯಿಲೆ, ಮೂರೂ ಒಂದೇ ಕುಲದವು. ಒಂದರ ಪ್ರತಿಕಾಯ ಇನ್ನೊಂದರ ಪರೀಕ್ಷೆಯಲ್ಲೂ ಓಗೊಡಬಹುದು!

ಈಗ ನಮ್ಮ ಊರಿಗೆ ಬನ್ನಿ. 2024ರಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲಿ ಕಾಯಿಲೆ ಮತ್ತೆ ಎದ್ದಿತಲ್ಲ, ಅಂಥ ಹೊತ್ತಿಗೆ ಈ ಪರೀಕ್ಷೆ ಎಷ್ಟು ಉಪಯೋಗ?

ಜ್ವರ ಬಂದು ಎರಡು ದಿನ. ಮೈಯೊಳಗೆ ವೈರಸ್ ಕುಣಿಯುತ್ತಿದೆ! ಪ್ರತಿಕಾಯ ಪರೀಕ್ಷೆ ಏನನ್ನುತ್ತದೆ? ‘ಇಲ್ಲ’! ಐಜಿಎಂ ಪ್ರತಿಕಾಯ ಕಾಣಿಸಿಕೊಳ್ಳಲು ಸುಮಾರು ಐದು ದಿನ ಬೇಕು. ಅಲ್ಲಿಯವರೆಗೆ ವೈರಸ್ಸನ್ನೇ ಹಿಡಿಯುವ ಆರ್‌ಟಿ-ಪಿಸಿಆರ್ ಬೇಕು. ವಾರ ಕಳೆದು ವೈರಸ್ ಇಳಿಯತೊಡಗಿದರೆ? ಆಟ ತಿರುಗುಮುರುಗು! ಆಗ ಪಿಸಿಆರ್ ಕೈಕೊಡಬಹುದು, ಪ್ರತಿಕಾಯ ಹಿಡಿದುಕೊಡುತ್ತದೆ. ಐಜಿಜಿ ಎಂಬ ಇನ್ನೊಂದು ಬಗೆಯ ಪ್ರತಿಕಾಯ ಬರುವುದು ಇನ್ನೂ ತಡ, ಉಳಿಯುವುದು ಬಹುಕಾಲ. ಹಾಗಾಗಿ ಐಜಿಜಿ ಇದ್ದ ಮಾತ್ರಕ್ಕೆ ಈಗಿನ ಜ್ವರ ಮಂಗನ ಕಾಯಿಲೆಯೇ ಎನ್ನುವಂತಿಲ್ಲ!

ದರಕು ತರಲು, ಸೊಪ್ಪು ಕೊಯ್ಯಲು ಬೆಟ್ಟಕ್ಕೆ ಹೋಗುವವರೇ, ಜ್ವರ ಬಂದರೆ ಡಾಕ್ಟರಿಗೆ ಎರಡು ಮಾತು ತಪ್ಪದೆ ಹೇಳಿ: ಕಾಡಿಗೆ ಹೋಗಿದ್ದೆ, ಜ್ವರ ಶುರುವಾಗಿ ಇಂದಿಗೆ ಇಷ್ಟು ದಿನ.